ಅಜ್ಜಿಯ ಹಿತ್ತಲು, ದುಂಬಿಯ ಪಾಲು

ವಿರಾಜಪೇಟೆಯ ಓದುಗರೊಬ್ಬರ ಪತ್ರ: "ಪೇಟೆಯ ಖಾಲಿ ಜಾಗದಲ್ಲಿ ಜೇನು, ಚಿಟ್ಟೆಗಳಿಗಾಗಿ ಮದ್ದಿನ ಗಿಡ ನೆಡುವುದನ್ನು ಕಳೆದ ಸಂಚಿಕೆಯಲ್ಲಿ ಕಲೆ ಎಂದು ಕರೆದಿದ್ದೀರಿ. ನನ್ನ ಅಜ್ಜಿಯ ಹಿತ್ತಲಿನಲ್ಲಿ ತುಳಸಿ, ತುಂಬೆ, ಆಡುಸೋಗೆ, ಮದ್ದುಸೊಪ್ಪು ಎಲ್ಲವೂ ಇದ್ದವು. ಅವರನ್ನು ಯಾರೂ ಕಲಾವಿದೆ ಎನ್ನಲಿಲ್ಲ. ಮನೆಯ ಪಕ್ಕ ಮೂರು ಸೆಂಟು ಜಾಗವಿದೆ, ಗಿಡ ನೆಡೋಣ. ಆದರೆ ಅದಕ್ಕೆ ಇಷ್ಟು ದೊಡ್ಡ ಹೆಸರೇಕೆ?"

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಸಿಟ್ಟು ಹಿಡಿಸಿತು. ಅಜ್ಜಿಯ ಪರವಾಗಿ ಸಿಟ್ಟಾಗುವವರು ಈಗ ಕಡಿಮೆ.

ಆ ಲೇಖನದಲ್ಲಿ ಬಂದ ಸೀಸ್ ವಿಸ್ ಕೆನಡಾದ ಸ್ಕ್ವಾಮಿಶ್ ಮೂಲನಿವಾಸಿ ಸಮುದಾಯದ ಕಲಾವಿದೆ, ಗಿಡಮೂಲಿಕೆ ಬಲ್ಲವರು. ವ್ಯಾಂಕೂವರ್ ನಗರದ ಖಾಲಿ ನಿವೇಶನವೊಂದರಲ್ಲಿ ಅವರು ಆ ನೆಲದ್ದೇ ಗಿಡಗಳನ್ನು ಮತ್ತೆ ನೆಟ್ಟರು. ಕಾಂಕ್ರೀಟಿನ ಕೆಳಗೆ ಹೋದ ನೆಲ ಯಾರದಾಗಿತ್ತು ಎಂದು ದಾರಿಹೋಕರಿಗೆ ನೆನಪಿಸುವ ಕೆಲಸ ಅದು. ನಮ್ಮಲ್ಲಿ ಮದ್ದುಸೊಪ್ಪು ಇನ್ನೂ ಅಡುಗೆಮನೆಗೆ ಬರುತ್ತಿದೆ. ಹಾಗಾಗಿ ಕಲೆ ಎಂಬ ಅವರ ಮಾತನ್ನು ಇಲ್ಲಿಗೆ ಹಾಗೆಯೇ ತಂದು ಅಂಟಿಸಿದ್ದು ನನ್ನ ಅವಸರ. ಒಪ್ಪಿದೆ.

ಆದರೂ ಒಂದು ಮಾತು. ಮದ್ದಿಗೆ ಎಲೆ ಬೇಕು, ಜೇನಿಗೆ ಹೂವು ಬೇಕು. ತುಳಸಿಯಲ್ಲಿ ಕದಿರು ಕಂಡ ಕೂಡಲೇ ಚಿವುಟುತ್ತೇವೆ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಹೊತ್ತಿಗೆ, ಮದ್ದುಸೊಪ್ಪನ್ನು ಕಾಂಡ ಸಮೇತ ಕೊಯ್ದು ಕುದಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡುತ್ತೇವೆ. ಅಂದು ಅದರಲ್ಲಿ ಹದಿನೆಂಟು ಮದ್ದು ಕೂಡಿರುತ್ತವೆ ಎಂಬ ನಂಬಿಕೆ ಇರುವಾಗ ದುಂಬಿಯ ಪಾಲು ಯಾರಿಗೆ ನೆನಪಾಗುತ್ತದೆ?

ಕಳೆದ ಚಳಿಗಾಲದಲ್ಲಿ ನಮ್ಮ ಕಚೇರಿಯ ಹಿಂದಿನ ಆಡುಸೋಗೆಯ ಮುಂದೆ ಒಂದು ಬೆಳಗ್ಗೆ ಕುಳಿತಿದ್ದೆ. ಬಿಳಿ ಹೂವಿಗೆ ಎರಡು ತುಟಿ, ಕೆಳತುಟಿಯ ಮೇಲೆ ನೇರಳೆ ಗೆರೆ. ಮರ ಕೊರೆಯುವ ಕರಿದುಂಬಿಯೊಂದು ಅದರ ಮೇಲೆ ಇಳಿದ ಭಾರಕ್ಕೆ ಹೂಗೊಂಚಲೇ ಬಾಗಿತು. ಅದು ತಲೆ ತೂರಿಸಿದಾಗ ಮೇಲ್ತುಟಿಯ ಅಡಿಯಲ್ಲಿದ್ದ ಕೇಸರಗಳು ಬೆನ್ನಿಗೆ ತಾಗಿದವು. ಹೊರಬಂದಾಗ ಕರಿಬೆನ್ನಿನ ಮೇಲೆ ಹಿಟ್ಟು ಚಿಮುಕಿಸಿದ ಹಾಗೆ ಪರಾಗ. ಅಷ್ಟು ವರ್ಷ ಆ ಗಿಡವನ್ನು ಕೆಮ್ಮಿನ ಕಷಾಯವೆಂದೇ ನೋಡಿದ್ದೆ. ದುಂಬಿಯ ಕಣ್ಣಿಗೆ ಹೊಂದುವಂತೆ ಹಿತ್ತಲನ್ನು ಹೂಡುವುದಕ್ಕೆ ನಾನು ಕಲೆ ಎಂದೆ. ನಿಮಗೆ ಬೇರೆ ಪದ ಸಿಕ್ಕರೆ ತಿಳಿಸಿ, ಅಚ್ಚು ಹಾಕುತ್ತೇನೆ.

ಪೇಟೆಯಲ್ಲೇ ಏಕೆ ಎಂದರೆ, ಮಾರ್ಚ್‌, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ಜೇನಿಗೆ ಹಬ್ಬ. ಅದು ಕೆಲವೇ ದಿನ. ಮಳೆಗಾಲದಲ್ಲಿ ತುಡುವೆ ಜೇನಿನ ಪೆಟ್ಟಿಗೆಗೆ ಸಕ್ಕರೆ ಪಾಕ ಇಡುವ ಸ್ಥಿತಿ. ರೊಬಸ್ಟಾ ಕಾಫಿ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ತರಲು ಜೇನೂ ಬೇಕು. ಬೇಸಿಗೆಯಲ್ಲಿ ನಾಲ್ಕು ದಿನ ದುಡಿಸಿಕೊಳ್ಳುವ ಈ ಆಳುಗಳಿಗೆ ಉಳಿದ ದಿನ ಊಟ ಹಾಕುವವರು ಯಾರು? ಪೇಟೆಯ ಅಂಗಳಗಳಾದರೂ ಒಂದಿಷ್ಟು ಹಾಕಲಿ.

ನಿಮ್ಮ ಮೂರು ಸೆಂಟಿಗೆ ತುಂಬೆ, ತುಳಸಿ, ಲಕ್ಕಿ ಗಿಡ ಧಾರಾಳ ಸಾಕು. ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸಿ. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಅದರ ಎಲೆ ತಿಂದು, ಅದರ ವಿಷವನ್ನು ಮೈಯಲ್ಲೇ ತುಂಬಿಕೊಳ್ಳುತ್ತವೆ. ಹಕ್ಕಿಗಳು ಹತ್ತಿರ ಬರುವುದಿಲ್ಲ. ಎಲೆಯೆಲ್ಲ ತೂತಾದಾಗ ಔಷಧಿ ಹೊಡೆಯಿರಿ ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಕೇಳಬೇಡಿ. ಆ ಬಳ್ಳಿಯ ಕಷಾಯವನ್ನು ಮಾತ್ರ ಯಾರೂ ಕುಡಿಯಬಾರದು, ಅದು ಮೂತ್ರಪಿಂಡಕ್ಕೆ ಕೇಡು.

ಇನ್ನು ಕೆಲಸಕ್ಕೆ ಬಂದವರಿಗೆ ಮೊದಲೇ ತುಂಬೆಯನ್ನು ತೋರಿಸಿಬಿಡಿ. ನಾನು ತೋರಿಸಲಿಲ್ಲ. ಹೂ ತುಂಬಿದ್ದ ಇಡೀ ಪಾತಿಯನ್ನು ಅವರು ಕಳೆಯೆಂದು ಕಿತ್ತು, ಅಚ್ಚುಕಟ್ಟಾಗಿ ಗೊಬ್ಬರದ ಗುಂಡಿಗೆ ಹಾಕಿ, ಕೂಲಿ ಪಡೆದು ಹೋದರು.

ಮದ್ದುಸೊಪ್ಪಿನ ಕಡ್ಡಿ ಬೇಕಿದ್ದರೆ ಮಳೆ ಹಿಡಿದ ಮೇಲೆ ಕಚೇರಿಗೆ ಬನ್ನಿ, ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಕಕ್ಕಡದಲ್ಲಿ ಅರ್ಧ ಪಾತಿಯನ್ನು ಕೊಯ್ಯದೆ ಬಿಡುತ್ತೇನೆಂದು ಒಪ್ಪಿದರೆ ಮಾತ್ರ ಕೊಡುತ್ತೇನೆ.