ಆರ್‌ಬಿಎಸ್‌ಟಿ, ಆರ್‌ಬಿಜಿಎಚ್ ಎರಡೂ ಬೇರೆ ಬೇರೆನಾ? ಅದ್ರಿಂದ ಹಸು ಹಾಲು ಹೇಗೆ ಜಾಸ್ತಿ ಆಗುತ್ತೆ?

ಎರಡೂ ಒಂದೇ, ಹಸುವಿನ ಗ್ರೋತ್ ಹಾರ್ಮೋನನ್ನ ಲ್ಯಾಬಲ್ಲಿ ಬ್ಯಾಕ್ಟೀರಿಯಾ ಕೈಲಿ ಮಾಡಿಸಿದ್ದು. ಮುಂದಿರೋ 'ಆರ್' ಅಂದ್ರೆ ರಿಕಾಂಬಿನೆಂಟ್, ಅಂದ್ರೆ ಜೀನ್ ಸೇರಿಸಿ ತಯಾರಿಸಿದ್ದು. ಬರೀ ಬಿಎಸ್‌ಟಿ (ಅದೇ ಗ್ರೋತ್ ಹಾರ್ಮೋನಿನ ಸಹಜ ರೂಪ) ಹಸು ಮೈಯಲ್ಲೇ ಹುಟ್ಟುತ್ತೆ, ಎಲ್ಲಾ ಹಾಲಲ್ಲೂ ಸ್ವಲ್ಪ ಇರುತ್ತೆ, ಹಾಗಾಗಿ 'ಬಿಎಸ್‌ಟಿ ಇಲ್ಲದ ಹಾಲು' ಅನ್ನೋ ಲೇಬಲ್ಲಿಗೆ ಅರ್ಥನೇ ಇಲ್ಲ.

ಕರು ಹಾಕಿ ಎರಡ್ಮೂರು ತಿಂಗಳಾದ್ಮೇಲೆ ಕೆಚ್ಚಲಲ್ಲಿ ಹಾಲು ಮಾಡೋ ಜೀವಕೋಶಗಳು ಕಮ್ಮಿ ಆಗ್ತಾ ಹೋಗ್ತವೆ, ಆಗ ಆರ್‌ಬಿಎಸ್‌ಟಿ ಇಂಜೆಕ್ಷನ್ ಕೊಟ್ರೆ ಲಿವರ್ ಐಜಿಎಫ್-1 ಅನ್ನೋ ಇನ್ನೊಂದು ಹಾರ್ಮೋನ್ ಜಾಸ್ತಿ ಬಿಡುತ್ತೆ, ಅದ್ರಿಂದ ಆ ಜೀವಕೋಶಗಳು ಬೇಗ ಸಾಯಲ್ಲ, ಜೊತೆಗೆ ಮೈಯಲ್ಲಿರೋ ಪೋಷಕಾಂಶನೂ ಕೆಚ್ಚಲ ಕಡೆ ತಿರುಗುತ್ತೆ, ಸೋ ಮೇವು ಜಾಸ್ತಿ ಹಾಕ್ಲೇಬೇಕು (ಪುಕ್ಕಟೆ ಹಾಲು ಏನಲ್ಲ).

ಅಮೆರಿಕದಲ್ಲಿ 1993ರಲ್ಲಿ ಒಪ್ಪಿಗೆ ಸಿಕ್ತು, ಕೆನಡಾ 1999ರಲ್ಲಿ ಬೇಡ ಅಂತು, ಕಾರಣ ಹಸುಗಳಿಗೆ ಕೆಚ್ಚಲುಬಾವು, ಕುಂಟು ಜಾಸ್ತಿ ಆಗುತ್ತೆ ಅಂತ.