ಯಜಮಾನಿಕೆ ಬಿಡಿ, ಪಹಣಿ ಇರಲಿ

ಶಿರಸಿ ಸೀಮೆಯ ಓದುಗರೊಬ್ಬರ ಪತ್ರ: “ನನಗೀಗ 70. ಬೆಂಗಳೂರಿನ ಕೆಲಸ ಬಿಟ್ಟು ಬಂದ ಮಗ ಅಡಿಕೆ ತೋಟ ತಾನೇ ನಡೆಸುತ್ತೇನೆ ಎನ್ನುತ್ತಾನೆ. ಅವನಿಗೆ ಮದ್ದಿನ ಹದವೂ ಗೊತ್ತಿಲ್ಲ. ಕೈಲಾಗುವವರೆಗೆ ನಾನೇ ನಡೆಸಲೇ, ಇಲ್ಲ ಎಲ್ಲ ಅವನಿಗೇ ದಾನಪತ್ರ ಮಾಡಿ ಸುಮ್ಮನಾಗಲೇ?”

ಮಾನ್ಯರೇ, ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ಅನ್ನ ಹೋಯಿತು. ನಿಮ್ಮ ಹೆದರಿಕೆ ಸುಳ್ಳಲ್ಲ, ಅಷ್ಟು ಒಪ್ಪಿದೆ. ಆದರೆ ಹದ ಮಾಣಿಗೆ ಗೊತ್ತಿಲ್ಲದ್ದು ಯಾರ ತಪ್ಪು? ಕೊಳೆಗೆ ಹೊಡೆಸುವ ಬೋರ್ಡೋ ಮದ್ದು ಬ್ರಹ್ಮವಿದ್ಯೆಯೇನಲ್ಲ. 1 ಕಿಲೋ ಮೈಲುತುತ್ತ 50 ಲೀಟರ್ ನೀರಿಗೆ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು, ತುತ್ತದ ನೀರು ಕಬ್ಬಿಣ ತಿನ್ನುತ್ತದೆ. ಕದಡುತ್ತ ತುತ್ತದ ನೀರನ್ನು ಸುಣ್ಣಕ್ಕೆ ಹೊಯ್ಯಬೇಕು. ತಿರುಗಾಮುರುಗಾ ಮಾಡಿದರೆ ಗಸಿ ಕೂರುತ್ತದೆ. ತುಕ್ಕಿಲ್ಲದ ಕಬ್ಬಿಣದ ಚೂರಿ ಅದ್ದಿದಾಗ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಹಾಗೇ ಹೊಡೆಸಿದರೆ ಎಳೆಗಾಯಿ ಸುಡುತ್ತದೆ. ಮಾಡಿದ ದಿನವೇ ಮುಗಿಸಬೇಕು. ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ. ನೀವು ಸ್ವಲ್ಪ ದೂರ ನಿಂತರೆ ಒಂದೇ ಮಳೆಗಾಲದಲ್ಲಿ ಕಲಿಯುತ್ತಾನೆ.

ಕಲಿಸದೇ ಯಜಮಾನಿಕೆ ಉಳಿಸಿಕೊಳ್ಳುವುದು ದುಡ್ಡಿನ ವ್ಯವಹಾರ. ದುಡಿಯಲು ಮಗ, ಅಡಿಕೆ ಮಾರಿದ ದುಡ್ಡಿನ ಪಟ್ಟಿ ಮಾತ್ರ ಅಪ್ಪನ ಜೇಬಿಗೆ! 45 ವರ್ಷದವ ಬೈಕಿನ ಪೆಟ್ರೋಲಿಗೆ ಅಪ್ಪಯ್ಯನೆದುರು ಕೈಚಾಚುವ ಮನೆಗಳು ನಮ್ಮಲ್ಲಿ ಕಡಿಮೆಯೇ? ಈ ವರ್ಷದ ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಾಟ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡನ ಲೆಕ್ಕ, ಸೊಸೈಟಿ ಸಾಲದ ಕಂತು ಮೂರನ್ನೂ ಅವನಿಗೆ ಬಿಡಿ. ದರ ಬಿದ್ದಾಗ ಮಾರಿ ಕೈ ಸುಟ್ಟುಕೊಂಡರೂ ಬಾಯಿ ಬಿಡಬೇಡಿ. ಮೈ ಸುಕ್ಕಾಗಿ, ತಲೆ ನರೆತು, ಮೊಮ್ಮಗನ ಮುಖ ಕಂಡಮೇಲೆ ಕಾಡಿಗೆ ಹೋಗು ಅಂದಿತು ಶಾಸ್ತ್ರ. ಮನೆ ಹಿಂದೆಯೇ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ಕಾಡು ಇದ್ದರೂ ನಮ್ಮ ಹಿರಿಯರಿಗೆ ಜಗಲಿಯ ಆರಾಮ ಕುರ್ಚಿ ಬಿಡಲಾಗದು.

ದಾನಪತ್ರ ಮಾತ್ರ ಈಗಲೇ ಬೇಡ. ಮಾಡಲೇಬೇಕೆಂದರೆ ಗಂಡ-ಹೆಂಡಿರಾದ ನಿಮ್ಮಿಬ್ಬರನ್ನೂ ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಬರೆಸಿ. ಅದಿದ್ದರೆ, ಮಾತು ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯೆದುರು ರದ್ದತಿ ಕೇಳಬಹುದು. ಬಾಯಿಮಾತಿನ ಭರವಸೆ ಹಿಡಿದು ಹೋದವರು ಅಲೆದದ್ದೇ ಹೆಚ್ಚು. ತೋಟ ಪಿತ್ರಾರ್ಜಿತವಾಗಿದ್ದು ಮಗಳೂ ಇದ್ದರೆ, 2005ರ ತಿದ್ದುಪಡಿಯಂತೆ ಅವಳದೂ ಮಗನಷ್ಟೇ ಹಕ್ಕು. ಎಲ್ಲ ಒಬ್ಬನಿಗೇ ಬರೆಯಲು ಬರುವುದಿಲ್ಲ.

ಇಷ್ಟುದ್ದದ ಪತ್ರದಲ್ಲಿ ನಿಮ್ಮ ಹೆಂಡತಿಯ ಸುದ್ದಿಯೇ ಇಲ್ಲ. ಈ ಸೀಮೆಯ ಹೆಂಗಸರು ಸೊಸೆಯಾಗಿ ಬಂದಾಗ ಅಡಿಕೆ ಸುಲಿದರು, ಅತ್ತೆಯಾದಮೇಲೂ ಸುಲಿಯುತ್ತಾರೆ. ನಡುವೆ ಮಗಳ ಬಾಣಂತನ, ಆಮೇಲೆ ಬೆಂಗಳೂರಲ್ಲಿ ಮೊಮ್ಮಕ್ಕಳ ಚಾಕರಿ. ಅವರ ವಿಶ್ರಾಂತಿ ಯಾವಾಗ ಎಂದು ಕೇಳಿ ಈ ಕಚೇರಿಗೆ ಒಬ್ಬ ಯಜಮಾನನೂ ಬರೆದದ್ದಿಲ್ಲ. ಈ ಸಲದ ಪಟ್ಟಿ ಬಂದಾಗ ಅವರ ಹೆಸರಲ್ಲೂ ಖಾತೆ ತೆರೆದು ಒಂದು ಪಾಲು ಹಾಕಿಸಿ.

— ಸಂಪಾದಕ