ಕಡಿಮೆ ಖರ್ಚಿನಲ್ಲಿ ಮಕ್ಕಳ ಕ್ರಿಸ್‌ಮಸ್ ಸ್ಟಾಕಿಂಗ್ (ಉಡುಗೊರೆ ತುಂಬಿ ತೂಗುಹಾಕುವ ಕಾಲುಚೀಲ) ತುಂಬುವುದು ಹೇಗೆ? ಅಮೆರಿಕದಲ್ಲಿದ್ದೇವೆ, ಇಬ್ಬರು ಮಕ್ಕಳು.

ಮೊದಲು ಚೀಲವನ್ನೇ ಚಿಕ್ಕದು ಮಾಡಿ. ಅಂಗಡಿಯ ದೊಡ್ಡ ಸ್ಟಾಕಿಂಗ್ ತುಂಬಿಸಲು ಹೋದರೆ ದುಡ್ಡು ಸುಮ್ನೆ ಕರಗುತ್ತದೆ. ಮಕ್ಕಳು ಹಾಕಿಕೊಳ್ಳುವ ಉಣ್ಣೆಯ ಕಾಲುಚೀಲವೇ ಸಾಕು.

ಅದರ ಬೆರಳಿನ ತುದಿಗೆ ಒಂದು ಕಿತ್ತಳೆ ಹಾಕಿ. ಇದು ಅಲ್ಲಿನ ಹಳೆಯ ಪದ್ಧತಿ. ಬಡವನೊಬ್ಬನ ಮೂವರು ಹೆಣ್ಣುಮಕ್ಕಳ ಮದುವೆಗೆಂದು ಸಂತ ನಿಕೋಲಸ್ (ಸಾಂಟಾ ಕ್ಲಾಸ್ ಕಥೆಯ ಮೂಲ) ರಾತ್ರಿ ಗುಟ್ಟಾಗಿ ಚಿನ್ನ ಎಸೆದನಂತೆ, ಅದು ಒಣಗಲು ಹಾಕಿದ್ದ ಕಾಲುಚೀಲದೊಳಗೆ ಬಿತ್ತಂತೆ. ಕಿತ್ತಳೆ ಆ ಚಿನ್ನದ ನೆನಪು ಅನ್ನುತ್ತಾರೆ. ಚಿನ್ನದ ಬಣ್ಣದ ಕಾಗದ ಸುತ್ತಿದ ಚಾಕೊಲೇಟ್ ನಾಣ್ಯಗಳೂ ಹಾಗೆಯೇ. ಕಥೆ ಹೇಳಿ ಕೊಡಿ, ಹಣ್ಣಿಗೂ ಬೆಲೆ ಬರುತ್ತದೆ.

ಉಳಿದ ಜಾಗಕ್ಕೆ ಹೇಗೂ ಕೊಳ್ಳಬೇಕಾದದ್ದೇ ಇರಲಿ: ಟೂತ್‌ಬ್ರಷ್, ಕೈಗವಸು, ಪೆನ್ಸಿಲ್. ಸ್ಟಿಕ್ಕರ್, ಚೆಂಡುಗಳ ದೊಡ್ಡ ಪ್ಯಾಕ್ ಒಂದನ್ನು ತಂದು ಇಬ್ಬರಿಗೂ ಹಂಚಿದರೆ ಅಗ್ಗ. ಒಂದು ಚೀಟಿಯನ್ನೂ ಬರೆದಿಡಿ: ‘ಭಾನುವಾರ ನಿನಗಿಷ್ಟವಾದ ದೋಸೆ’, ‘ಇವತ್ತು ಅರ್ಧ ಗಂಟೆ ತಡವಾಗಿ ಮಲಗಬಹುದು’. ನನ್ನ ಪ್ರಕಾರ ಮಕ್ಕಳು ಕುಣಿದಾಡುವುದು ಇದಕ್ಕೇ.

ಆದರೆ ಅಗ್ಗ ಅಂತ ಬಟನ್ ಬ್ಯಾಟರಿಯ (ಗುಂಡಿಯಂಥ ಪುಟ್ಟ ಬ್ಯಾಟರಿ) ಮುಚ್ಚಳ ಸಡಿಲವಾಗಿರುವ ಆಟಿಕೆ ಖಂಡಿತ ತರಬೇಡಿ. ನುಂಗಿದರೆ ಪ್ರಾಣಕ್ಕೇ ಅಪಾಯ. 3 ವರ್ಷದೊಳಗಿನವರಿಗೆ ಸಣ್ಣ ಬಿಡಿಭಾಗಗಳ ಆಟಿಕೆಯೂ ಬೇಡ.

ಡಿಸೆಂಬರ್ 26ರಿಂದ ಹಬ್ಬದ ಸಾಮಾನಿನ ಬೆಲೆ ಇಳಿಯುತ್ತದೆ. ಮುಂದಿನ ವರ್ಷದ್ದನ್ನು ಆಗಲೇ ಎತ್ತಿಡಿ.